ಆರೂವರೆ ಮಾರ್ಕಿನ ಕಡಲು

ಇಪ್ಪತ್ತೆಂಟು ವರ್ಷ ಕನ್ನಡ ಪಾಠ ಮಾಡಿದವರ ಕೈಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಕೆಂಪು ಪೆನ್ನು ಚೀಲದೊಳಗೆ ಇದ್ದರೂ ಬೆರಳುಗಳು ಅದನ್ನು ಹಿಡಿದುಕೊಂಡಂತೆಯೇ ಮಡಚಿರುತ್ತವೆ. ಮನೆಗೆ ಮದುವೆಯ ಕಾಗದ ಬಂದರೆ ಹುಡುಗ ಯಾರು, ಹುಡುಗಿ ಯಾರು, ಊಟ ಎಷ್ಟು ಗಂಟೆಗೆ ಎಂದು ಬೇರೆಯವರು ನೋಡುತ್ತಾರೆ. ನಾನು ಒತ್ತಕ್ಷರ ನೋಡುತ್ತೇನೆ. ತಪ್ಪು ಸಿಕ್ಕಿದರೆ ಸುತ್ತು ಹಾಕುತ್ತೇನೆ, ಸಿಗದಿದ್ದರೆ ಸ್ವಲ್ಪ ಬೇಸರವೇ ಆಗುತ್ತದೆ. ಒಮ್ಮೆ ಹಾಗೆ ಸುತ್ತು ಹಾಕಿದ ಕಾಗದವನ್ನೇ ಹಿಡಿದುಕೊಂಡು ಹಾಲ್ ಹುಡುಕುತ್ತ ಹೋಗಿ, ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದ ಹುಡುಗಿಯ ತಂದೆಯ ಕೈಗೇ ಕೊಟ್ಟು, “ಇದೇ ಹಾಲ್ ಅಲ್ಲವಾ?” ಎಂದು ಕೇಳಿದ್ದೆ. ಅವರು ಕಾಗದ ನೋಡಿದರು, ನನ್ನನ್ನು ನೋಡಿದರು, ಪನ್ನೀರು ಸ್ವಲ್ಪ ಜೋರಾಗಿಯೇ ಬಿತ್ತು. ನಮ್ಮ ಯಜಮಾನರು ಕಾಸರಗೋಡಿನ ಹತ್ತಿರದ ಬೋವಿಕಾನ ಪೇಟೆಗೆ ಹೋಗುವಾಗ ಸಾಮಾನಿನ ಚೀಟಿಯನ್ನು ನನಗೆ ಬೆನ್ನು ಹಾಕಿ ಬರೆಯುವುದು ಇದೇ ಕಾರಣಕ್ಕೆ.

ಈ ಕಾಯಿಲೆಯ ಜೊತೆಗೆ ನನಗೆ ಒಂದು ಹಟವೂ ಉಂಟು. ಒಮ್ಮೆ ಹಾಕಿದ ಮಾರ್ಕನ್ನು ನಾನು ತಿದ್ದುವುದಿಲ್ಲ. ಹಿಂದೊಮ್ಮೆ ನಮ್ಮ ಹೆಡ್‌ಮಾಸ್ತರರ ಅಕ್ಕನ ಮಗನಿಗೆ ಪಾಸಾಗಲು ಅರ್ಧ ಮಾರ್ಕು ಬೇಕಿತ್ತು. ಅವರು ಮೂರು ಸಲ ಸ್ಟಾಫ್ ರೂಮಿಗೆ ಬಂದು, ಮಳೆ, ಬಸ್ಸಿನ ರಶ್ಶು, ಮಕ್ಕಳ ಭವಿಷ್ಯ ಎಂದು ಸುತ್ತಿ ಬಳಸಿ ಮಾತಾಡಿದರು. ಮೂರನೆಯ ಸಲ ನಾನು ಎದ್ದು ನಿಂತು, “ಸರ್, ಹಾಕಿದ ಮಾರ್ಕು ಹಾಕಿದ್ದೇ. ತಿದ್ದಿದರೆ ಅದು ಮಾರ್ಕಲ್ಲ, ಸುಳ್ಳು” ಎಂದೆ. ನನ್ನ ಸ್ವರ ತರಗತಿಯ ಕೊನೆಯ ಬೆಂಚಿಗೆ ಹದವಾದ ಸ್ವರವಾದ್ದರಿಂದ ಆ ಮಾತು ಆಟದ ಬಯಲು ದಾಟಿ ಮಧ್ಯಾಹ್ನದ ಊಟ ಬೇಯಿಸುವ ಅಡಿಗೆ ಕೋಣೆಯವರೆಗೂ ಹೋಯಿತಂತೆ. ಆ ದಿನ ನನ್ನ ಬಗ್ಗೆ ನನಗೆ ಬಹಳ ಹೆಮ್ಮೆಯಾಗಿತ್ತು. ಅದೇ ಮಾತು ಮುಂದೆ ನನ್ನ ಕಾಲಿಗೇ ಬಂದು ತೊಡರಿಕೊಳ್ಳುತ್ತದೆ ಎಂದು ಆಗ ಯಾರು ಕಂಡಿದ್ದರು.

ಇಷ್ಟು ಪೀಠಿಕೆ ಯಾಕೆಂದರೆ, ಇಂಥ ಹೆಂಗಸನ್ನು ನವಾಜ್ ಒಂದು ಚಿತ್ರದ ಪುಸ್ತಕಕ್ಕೆ ಸಂಪಾದಕಿ ಮಾಡಿದ. ನವಾಜ್ ನನ್ನ ಹಳೆಯ ವಿದ್ಯಾರ್ಥಿ, ಈಗ ಎರಡು ಮಕ್ಕಳ ತಂದೆ, ಬೋವಿಕಾನದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಒಂದು ಶನಿವಾರ ನನ್ನ ಫೋನಿನ ಒಡೆದ ಗಾಜು ಬದಲಾಯಿಸುತ್ತ, ತಲೆ ಎತ್ತದೆಯೇ ವಿಷಯಕ್ಕೆ ಬಂದ. “ಟೀಚರೇ, ನೀವು ಸುಮಾರು ಸ್ಮರಣ ಸಂಚಿಕೆ ಮಾಡಿದ್ದೀರಲ್ಲ. ನಮಗೆ ಒಂದು ಪುಸ್ತಕ ಮಾಡ್ಲಿಕ್ಕೆ ಉಂಟು.” ಯಾವ ದೇವಸ್ಥಾನದ್ದು ಎಂದು ಕೇಳಿದೆ. “ದೇವಸ್ಥಾನದ್ದು ಅಲ್ಲ, ಗೇಮಿನದ್ದು” ಎಂದ. ಮೊಬೈಲಿನಲ್ಲಿ ಆಡುವ ಒಂದು ಆಟಕ್ಕೆ ಮಂಜೇಶ್ವರದಿಂದ ಕಾಞಂಗಾಡಿನವರೆಗೆ, ಅಲ್ಲಿಂದ ಶಾರ್ಜಾದವರೆಗೆ ಅಭಿಮಾನಿಗಳ ಒಂದು ಗ್ರೂಪು ಉಂಟಂತೆ. ಅವರು ಆಡುವುದಷ್ಟೇ ಅಲ್ಲ, ಆಟದಲ್ಲಿ ಕಂಡದ್ದನ್ನು ಮನಸ್ಸಿಗೆ ಬಂದ ಹಾಗೆ ಚಿತ್ರ ಬರೆದು ಗ್ರೂಪಿಗೆ ಹಾಕುತ್ತಾರಂತೆ. ಕುಂಬಳೆಯ ಒಬ್ಬರ ಫೋನು ಬಾವಿಗೆ ಬಿದ್ದು ಎರಡು ವರ್ಷದ ಚಿತ್ರಗಳೆಲ್ಲ ಅದರೊಟ್ಟಿಗೆ ಹೋದ ಮೇಲೆ ಪುಸ್ತಕದ ಯೋಚನೆ ಬಂತಂತೆ. “ಪುಸ್ತಕ ಆದ್ರೆ ಬಾವಿಗೆ ಬಿದ್ರೂ ಒಣಗಿಸಬಹುದಲ್ಲ ಟೀಚರೇ.” ಆಟ ತಯಾರಿಸಿದವರು ಯಾವುದೋ ಚಳಿ ದೇಶದ ಗಂಡ ಹೆಂಡತಿ. ಅವರಿಗೆ ನವಾಜ್ ಬರೆದು ಕೇಳಿದಾಗ, ಮಾಡಿ, ನಮಗೊಂದು ಪ್ರತಿ ಕಳಿಸಿ ಎಂದು ಉತ್ತರ ಬಂದಿತ್ತು.

ಆಟ ಏನು ಎಂದು ತಿಳಿಯದೆ ಸಂಪಾದಿಸುವುದು ಹೇಗೆ? ನನ್ನ ಫೋನಿಗೂ ಅದನ್ನು ಹಾಕಿಕೊಟ್ಟ. ಗುಂಡು ಹೊಡೆಯುವುದು, ಕಾರು ಓಡಿಸುವುದು ಇರಬಹುದು ಎಂದುಕೊಂಡಿದ್ದೆ. ಅಂಥದ್ದೇನೂ ಇಲ್ಲ. ಒಂದು ಸಣ್ಣ ದ್ವೀಪ, ಸುರಿಯುವ ಮಳೆ, ಕೊಡೆ ಹಿಡಿದ ಒಂದು ಜೀವ. ಗಂಡಸೋ ಹೆಂಗಸೋ ಗೊತ್ತಾಗುವುದಿಲ್ಲ, ಮುಖ ಕಾಣುವುದಿಲ್ಲ. ಇನ್ನೊಂದು ಕೈಯಲ್ಲಿ ಒಂದು ದೀಪ. ಅದು ಆರದ ಹಾಗೆ ಕಡಲು ದಾಟಿ ಮುಂದಿನ ದ್ವೀಪದ ದೀಪವನ್ನು ಹೊತ್ತಿಸಬೇಕು, ಅಲ್ಲಿಂದ ಮತ್ತೊಂದಕ್ಕೆ. ಇಡೀ ಆಟದಲ್ಲಿ ಒಂದೇ ಒಂದು ಅಕ್ಷರ ಇಲ್ಲ, ತಿದ್ದಲು ಏನೂ ಇಲ್ಲದೆ ನನಗೆ ಸ್ವಲ್ಪ ಕಸಿವಿಸಿಯೇ ಆಯಿತು. ಮೊದಲ ಹತ್ತು ನಿಮಿಷದಲ್ಲಿ ನಾನು ಏಳು ಸಲ ಮುಳುಗಿದೆ. ಎಂಟನೆಯ ಸಲ ದೀಪ ಆರುವ ಮೊದಲು ಒಂದು ಕ್ಷಣ ಇಡೀ ಕಡಲು ಬೆಳಗಿತು ನೋಡಿ, ನಾನು ಒಲೆಯ ಮೇಲೆ ಹಾಲು ಇಟ್ಟದ್ದನ್ನು ಮರೆತೆ. “ಕೊನೆಯ ದ್ವೀಪ ಯಾರಾದರೂ ಕಂಡದ್ದುಂಟಾ?” ಎಂದು ನವಾಜನನ್ನು ಕೇಳಿದಾಗ ಅವನ ಮುಖದಲ್ಲಿ ಒಂದು ಬಗೆಯ ಭಕ್ತಿ ಮೂಡಿತು. “ನಮ್ಮ ಗ್ರೂಪಿನಲ್ಲಿ ಒಬ್ಬರೇ ಟೀಚರೇ. ಪಪ್ಪಾಯಿ.”

ಪಪ್ಪಾಯಿ ಎಂದರೆ ಗ್ರೂಪಿನ ಒಬ್ಬ ಸದಸ್ಯರು. ಹೆಸರಿನ ಜಾಗದಲ್ಲಿ ಹೆಸರಿಲ್ಲ, ಮುಖದ ಜಾಗದಲ್ಲಿ ಒಂದು ಪಪ್ಪಾಯಿ ಹಣ್ಣಿನ ಫೋಟೋ. ಮಾತೂ ಇಲ್ಲ, ವಾರಕ್ಕೊಂದು ಚಿತ್ರ ಮಾತ್ರ. ಯಾರೆಂದು ನವಾಜನಿಗೆ ಗೊತ್ತು. ಆದರೆ, “ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ, ಕೇಳಬೇಡಿ” ಎಂದ. ಮೊಬೈಲ್ ರಿಪೇರಿಯವನು ಗುಟ್ಟು ಬಿಟ್ಟುಕೊಟ್ಟರೆ ಅಂಗಡಿಗೆ ಯಾರು ಬರುತ್ತಾರೆ ಎಂದುಕೊಂಡು ನಾನೂ ಬಿಟ್ಟೆ.

ಪುಸ್ತಕದ ಯೋಜನೆಯನ್ನು ನಾನು ಒಂದೇ ಆದಿತ್ಯವಾರದಲ್ಲಿ ಬರೆದು ಮುಗಿಸಿದೆ. ನಮ್ಮ ಕಡೆ ಸ್ಮರಣ ಸಂಚಿಕೆ ಎಂದರೆ ಅದಕ್ಕೊಂದು ಕ್ರಮ ಉಂಟು. ದೇವಸ್ಥಾನದ ಬ್ರಹ್ಮಕಲಶದ್ದಿರಲಿ, ಶಾಲೆಯ ಸುವರ್ಣ ಮಹೋತ್ಸವದ್ದಿರಲಿ, ಮೊದಲು ಮಠದ ಆಶೀರ್ವಚನ, ಆಮೇಲೆ ಪಂಚಾಯತು ಅಧ್ಯಕ್ಷರ ಸಂದೇಶ, ಎಂಎಲ್‌ಎ ಸಂದೇಶ, ಅಧ್ಯಕ್ಷರ ಮಾತು, ಸಂಪಾದಕೀಯ, ಸಮಿತಿಯ ಪಟ್ಟಿ, ಎಲ್ಲರದ್ದೂ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ಫೋಟೋ. ಅದೇ ಅಚ್ಚಿನಲ್ಲಿ ಇದನ್ನೂ ಹೊಯ್ದೆ. ನವಾಜ್ ಪುಟಗಳನ್ನು ಒಂದೊಂದಾಗಿ ಮಗುಚಿ, “ಚಿತ್ರ ಎಲ್ಲಿ ಟೀಚರೇ?” ಎಂದು ಕೇಳಿದ. ಉಳಿದ ಜಾಗದಲ್ಲಿ ಎಂದೆ. “ಉಳಿದದ್ದು ಹಿಂದಿನ ರಟ್ಟು ಮಾತ್ರ.” ಅವನು ನಗಲಿಲ್ಲ, ಅದು ಅವನ ದೊಡ್ಡ ಗುಣ. ಎಂಎಲ್‌ಎಯವರಿಗೆ ಆಟದಲ್ಲಿ ಎಷ್ಟನೆಯ ದ್ವೀಪದವರೆಗೆ ಹೋಗಲಿಕ್ಕೆ ಆಗಿದೆ ಎಂದು ಮಾತ್ರ ವಿನಯವಾಗಿ ಕೇಳಿದ. ಸಂದೇಶಗಳೆಲ್ಲ ಹೋದವು. ನನ್ನ ಎಂಟು ಪುಟದ ಸಂಪಾದಕೀಯವೂ ಅರ್ಧ ಪುಟಕ್ಕೆ ಇಳಿಯಿತು. ಗಲ್ಫಿನವರು ಓಣಂ, ಬಕ್ರೀದ್ ಎಂದು ರಜೆಗೆ ಬರುವಾಗ ಪುಸ್ತಕ ಕೈಗೆ ಸಿಗಬೇಕು, ಅಲ್ಲಿಯವರೆಗೆ ಬರೆಯುವವರಿಗೆ ಪ್ರೋತ್ಸಾಹ ಕೊಡುವುದು ನಿಮ್ಮ ಕೆಲಸ ಎಂದು ಹೇಳಿ ಅವನು ಚಿತ್ರಗಳ ಪ್ರಿಂಟುಗಳನ್ನು ಒಂದು ಫೈಲಿನಲ್ಲಿ ತಂದುಕೊಟ್ಟ.

ಆ ಫೈಲನ್ನು ಬಿಚ್ಚಿ ನಾನು ಬೆರಗಾದೆ, ಅದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಮಾಡಿದ ಕೆಲಸ ನೋಡಿದರೆ ನೀವು ನಂಬುವುದಿಲ್ಲ. ಬದಿಯಡ್ಕದ ಬ್ಯಾಂಕಿನ ಗುಮಾಸ್ತರೊಬ್ಬರು ಚಲನ್ ಚೀಟಿಯ ಹಿಂದೆ ಅಂಗೈಯಷ್ಟು ದ್ವೀಪ ಬರೆದಿದ್ದರು. ಅದರಲ್ಲಿ ಮರದ ಎಲೆಗಳನ್ನು ಎಣಿಸಬಹುದಿತ್ತು. ಮೀನಿನ ಲಾರಿ ಓಡಿಸುವ ಒಬ್ಬರು ಐಸು ತುಂಬಲು ಕಾಯುವಾಗಲೆಲ್ಲ ಬರೆದದ್ದು ಹನ್ನೊಂದು ಚಿತ್ರ, ಹನ್ನೊಂದರಲ್ಲಿಯೂ ಮಳೆ, ಒಂದು ಮಳೆಯ ಹಾಗೆ ಇನ್ನೊಂದಿಲ್ಲ. ಅಗಲ್ಪಾಡಿಯ ಒಬ್ಬ ತಾಯಿ ಕೊಡೆ ಹಿಡಿದ ಜೀವಕ್ಕೆ ಮುಖ ಬರೆಯುವ ಬದಲು ಕೊಡೆಯ ಒಳಗಿನ ಕಡ್ಡಿಗಳಿಗೇ ಒಂದು ಮುಖಭಾವ ತಂದಿದ್ದರು. ಈ ಜನರೆಲ್ಲ ನಾನು ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಬಂದವರು, ಕೌಂಟರಿನ ಆಚೆ ನಿಂತವರು. ಇಷ್ಟು ವರ್ಷ ಇವರು ಇದನ್ನೆಲ್ಲ ಎಲ್ಲಿ ಅಡಗಿಸಿ ಇಟ್ಟುಕೊಂಡಿದ್ದರು? ಕೊನೆಗೆ ಪಪ್ಪಾಯಿಯ ಚಿತ್ರ. ಕಪ್ಪು ಕಡಲು, ಪುಟದ ತುಂಬ ಕಡಲೇ. ಒಂದು ಮೂಲೆಯಲ್ಲಿ ಕೊಡೆ, ಕೊಡೆಯ ಕೆಳಗೆ ದೀಪ. ಆ ದೀಪದಿಂದ ಬೆಳಕು ಬರುತ್ತಿತ್ತು. ಉಪಮೆಗೆ ಹೇಳುವುದಲ್ಲ, ನಾನು ಪ್ರಿಂಟನ್ನು ಕಿಟಕಿಯಿಂದ ದೂರ ಹಿಡಿದು ನೋಡಿದೆ, ಆಗಲೂ ಬರುತ್ತಿತ್ತು.

ಆಮೇಲೆ ಚೀಲದಿಂದ ಕೆಂಪು ಪೆನ್ನು ತೆಗೆದೆ. ಪ್ರೋತ್ಸಾಹ ಎಂದರೆ ನನಗೆ ಗೊತ್ತಿರುವುದು ಅದೊಂದೇ. ಸರಿ ಕಂಡಲ್ಲಿ ರೈಟು, ಸಂಶಯ ಬಂದಲ್ಲಿ ಸುತ್ತು, ಕೆಳಗೆ ಹತ್ತರಲ್ಲಿ ಇಷ್ಟು ಎಂದು ಮಾರ್ಕು, ಒಂದು ಸಾಲು ಸಲಹೆ. ಬ್ಯಾಂಕಿನವರಿಗೆ ಐದು, “ಅಂದ ಸಾಲದು.” ಲಾರಿಯವರಿಗೆ ಆರು, “ವಿಷಯ ವೈವಿಧ್ಯ ಇರಲಿ.” ಪಪ್ಪಾಯಿಗೆ ಎಲ್ಲರಿಗಿಂತ ಹೆಚ್ಚು, ಆರೂವರೆ. ಜೊತೆಗೆ, “ಕಡಲು ಕಪ್ಪಾಗಿರುವುದಿಲ್ಲ. ಪ್ರಕೃತಿಯನ್ನು ಗಮನಿಸಿ ಚಿತ್ರಿಸು” ಎಂದು ದುಂಡಗೆ ಬರೆದೆ. ಎಲ್ಲವನ್ನೂ ಫೋನಿನಲ್ಲಿ ಫೋಟೋ ತೆಗೆದು ಗ್ರೂಪಿಗೆ ಕಳಿಸಿ, ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಚಹಾ ಕುಡಿದೆ.

ಗ್ರೂಪು ಮಾತು ಬಿಟ್ಟಿತು. ಒಂದು ದಿನ, ಎರಡು ದಿನ, ಒಂದು ವಾರ. ಹೊಸ ಚಿತ್ರ ಒಂದೂ ಇಲ್ಲ. ಶಾರ್ಜಾದ ಒಬ್ಬರು ಮಾತ್ರ, “ಶಾಲೆ ಬಿಟ್ಟು ಹದಿನೆಂಟು ವರ್ಷ ಆಯ್ತು, ಈಗ ಪುನಃ ಫೇಲಾದೆ” ಎಂದು ಬರೆದಿದ್ದರು. ನವಾಜನ ಅಂಗಡಿಗೆ ಹೋದೆ. ಅವನು ಒಂದು ಫೋನಿನ ಹೊಟ್ಟೆ ಬಗೆದು ಅದರೊಳಗೆ ನೋಡುತ್ತಲೇ ಇದ್ದ. “ಟೀಚರೇ, ಒಂದು ಮಾತು ಹೇಳ್ತೇನೆ, ಬೇಜಾರು ಮಾಡಬೇಡಿ. ಇವರಿಗೆ ಚಿತ್ರ ಬರೀಲಿಕ್ಕೆ ಯಾರೂ ಹೇಳಿದ್ದಲ್ಲ. ಹೇಳದೆ ಬರೆದವರಿಗೆ ಮಾರ್ಕು ಹಾಕಿದ್ರೆ ಎಂತ ಆಗ್ತದೆ?” ಒಂಬತ್ತನೆಯ ತರಗತಿಯಲ್ಲಿ ಇವನಿಗೆ ನಾನು ಹತ್ತರಲ್ಲಿ ಮೂರು ಕೊಟ್ಟವಳು. ಆಗ ಇಷ್ಟು ಚೆಂದದ ಪ್ರಶ್ನೆ ಇವನು ಕೇಳಿರಲಿಲ್ಲ. “ಪಪ್ಪಾಯಿ ಎಂತ ಹೇಳ್ತಾರೆ?” ಎಂದೆ ಮೆಲ್ಲಗೆ. “ಅವರ ಚಿತ್ರ ಈಗ ಪುಸ್ತಕಕ್ಕೆ ಬೇಡವಂತೆ. ಈಗ ಬೇಡ ಅಂತ ಅಷ್ಟೇ ಹೇಳಿದ್ರು. ಹೊಸತು ಒಂದೂ ಬರೀಲಿಲ್ಲ.”

ಅಲ್ಲಿಯೇ ಕೂತು ಗ್ರೂಪಿಗೆ ಮಾತಿನಲ್ಲೇ ರೆಕಾರ್ಡು ಮಾಡಿ ಒಂದು ಕ್ಷಮಾಪಣೆ ಕಳಿಸಿದೆ. ಜೀವನದಲ್ಲಿ ಮೊದಲ ಸಲ ಕ್ಷಮೆ ಕೇಳುವವರ ಭಾಷೆ ಹೇಗಿರುತ್ತದೆಂದರೆ, ಆಮೇಲೆ ಕೇಳಿ ನೋಡಿದರೆ ನಾನು ಅವರನ್ನು ಗದರಿಸುತ್ತಿದ್ದ ಹಾಗೆಯೇ ಇತ್ತು. ಆದರೂ ಲಾರಿಯವರು ಒಂದು ನಗುವ ಮುಖ ಕಳಿಸಿದರು. ಉಳಿದವರೂ ಒಬ್ಬೊಬ್ಬರಾಗಿ ಇಣುಕಿದರು. ಪಪ್ಪಾಯಿ ಮಾತ್ರ ಇಲ್ಲ. ಆ ಚಿತ್ರ ಇಲ್ಲದೆ ಪುಸ್ತಕ ಬಂದರೂ ಒಂದೇ, ಬಾರದಿದ್ದರೂ ಒಂದೇ ಎಂದು ನನಗೆ ಅನಿಸಿಬಿಟ್ಟಿತ್ತು. ಅದಕ್ಕಿಂತ ಹೆಚ್ಚಾಗಿ, ಅಂಥ ಕೈಯೊಂದು ನನ್ನ ಒಂದು ಸಾಲಿನಿಂದ ನಿಂತುಹೋಯಿತಲ್ಲ ಎಂಬ ಕೊರಗು ಊಟ ಮಾಡುವಾಗಲೂ ಬಿಡಲಿಲ್ಲ. ನವಾಜ್ ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದ. ಹತ್ತಿರದಿಂದ ನೋಡುವಾಗ ಕಡಲಿನ ಅಲೆಗಳ ನಡುವೆ ಏನೋ ಸಣ್ಣ ಸಣ್ಣ ಗೆರೆ. ಕಾಗದದ ಆಚೆ ಬದಿಯಲ್ಲಿ ಏನೋ ಅಚ್ಚಾಗಿತ್ತು, ಅದು ಈಚೆಗೆ ತೆಳುವಾಗಿ ತಿರುಗುಮುರುಗಾಗಿ ಕಾಣುತ್ತಿತ್ತು. ನವಾಜ್ ಚಿತ್ರವನ್ನು ಮಗುಚಿ ತೋರಿಸಿದ. ಅಲೆಯ ಮೇಲೆ ಸ್ಪಷ್ಟವಾಗಿ ಬರೆದಿತ್ತು: “ಯಾವುದಾದರೂ ನಾಲ್ಕಕ್ಕೆ ಉತ್ತರಿಸಿರಿ.”

ಅದು ನನ್ನದೇ ಪ್ರಶ್ನೆಪತ್ರಿಕೆ. ಒಂಬತ್ತನೆಯವರ ಮಾದರಿ ಪರೀಕ್ಷೆಗೆ ನಾನೇ ತಯಾರಿಸಿ, ಅಚ್ಚು ಹಾಕಿಸುವಾಗ ಐವತ್ತು ಪ್ರತಿ ಹೆಚ್ಚಾಗಿ ಉಳಿದದ್ದು. ಅಂದರೆ ಪಪ್ಪಾಯಿ ಇರುವುದು ನಮ್ಮ ಶಾಲೆಯಲ್ಲೇ. ಮರುದಿನ ಶಾಲೆಗೆ ಹೋದವಳು ಎಲ್ಲರ ಬೆರಳುಗಳನ್ನೇ ನೋಡತೊಡಗಿದೆ. ಡ್ರಿಲ್ ಮಾಸ್ತರರ ಬೆರಳಿನಲ್ಲಿ ಮಸಿ ಕಂಡು ಮೂರು ದಿನ ಅವರಿಗೆ ವಿಶೇಷ ಗೌರವ ಕೊಟ್ಟೆ. ಅದು ಬೈಕಿನ ಗ್ರೀಸು. ಕೊನೆಗೆ ಪ್ಯೂನ್ ಹತ್ತಿರ, ಉಳಿದ ಪ್ರಶ್ನೆಪತ್ರಿಕೆಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದೆ. “ಎಲ್ಲಿಗೆ ಹೋಗುದು ಟೀಚರೇ, ಅಡಿಗೆ ಕೋಣೆಗೆ. ಒಲೆ ಹೊತ್ತಿಸ್ಲಿಕ್ಕೆ ಗಿರಿಜಕ್ಕ ತೆಕ್ಕೊಂಡು ಹೋಗ್ತಾರೆ.” ಆಗ ನನಗೆ ಅಡಿಗೆ ಕೋಣೆಯ ಹಿಂದೆ ಇರುವ ಪಪ್ಪಾಯಿ ಗಿಡ ನೆನಪಾಯಿತು.

ಗಿರಿಜಕ್ಕ ಹದಿನಾಲ್ಕು ವರ್ಷದಿಂದ ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಊಟ ಬೇಯಿಸುವವರು. ನನಗಿಂತ ಐದಾರು ವರ್ಷ ದೊಡ್ಡವರು. ಹದಿನಾಲ್ಕು ವರ್ಷದಲ್ಲಿ ನಾನು ಅವರ ಹತ್ತಿರ ಆಡಿದ ಮಾತುಗಳನ್ನು ಒಟ್ಟು ಸೇರಿಸಿದರೆ, ಉಪ್ಪು ಸ್ವಲ್ಪ ಹೆಚ್ಚು, ಉಪ್ಪು ಸ್ವಲ್ಪ ಕಡಿಮೆ, ಇಷ್ಟೇ. ಮಧ್ಯಾಹ್ನದ ಗಲಾಟೆ ಮುಗಿದ ಮೇಲೆ ಹೋದೆ. ನನ್ನನ್ನು ಬಾಗಿಲಲ್ಲಿ ಕಂಡು ಅವರು ಎದ್ದು ನಿಂತು, ಸೆರಗಿನಲ್ಲಿ ಕೈ ಒರೆಸಿಕೊಂಡರು. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ.

“ಗಿರಿಜಕ್ಕ, ಆ ಪ್ರಶ್ನೆಪತ್ರಿಕೆ” ಎಂದು ನಾನು ಶುರು ಮಾಡಿದ್ದೇ ತಡ, “ತಪ್ಪಾಯ್ತು ಟೀಚರೇ, ಒಲೆಗೆ ಅಂತ ಕೊಟ್ಟದ್ದು, ನಾನು ನಾಲ್ಕು ತೆಗೆದಿಟ್ಟುಕೊಂಡೆ” ಎಂದರು. ಕ್ಷಮೆ ಕೇಳಲು ಹೋದವಳ ಹತ್ತಿರವೇ ಕ್ಷಮೆ ಕೇಳಿದರೆ ಏನು ಮಾಡುವುದು? ನಾನು ಅಕ್ಕಿ ಗೋಣಿಯ ಮೇಲೆ ಕೂತುಬಿಟ್ಟೆ. ಮೆಲ್ಲ ಮೆಲ್ಲ ವಿಷಯ ಹೊರಗೆ ಬಂತು. ಒಲೆಯ ಮೇಲೆ ಅನ್ನ ಬೇಯಲು ಮುಕ್ಕಾಲು ಗಂಟೆ ಬೇಕು. ಮಗ ಕಳಿಸಿದ ಫೋನಿನಲ್ಲಿ ನವಾಜ್ ಆಟ ಹಾಕಿಕೊಟ್ಟಿದ್ದ. ಅಕ್ಷರ ಇಲ್ಲದ ಆಟವಾದ್ದರಿಂದ ಓದುವ ತಾಪತ್ರಯ ಇರಲಿಲ್ಲ. ಗಿರಿಜಕ್ಕ ಶಾಲೆಗೆ ಹೋದದ್ದು ಎರಡನೆಯ ತರಗತಿಯವರೆಗೆ. ಆಮೇಲೆ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ನಿಂತರಂತೆ. ಬಣ್ಣ ಎಲ್ಲಿಂದ ಎಂದು ಕೇಳಿದೆ. ದೊಡ್ಡ ಪಾತ್ರೆಯ ಅಡಿಯನ್ನು ತೋರಿಸಿದರು. ಅದರ ಮಸಿ ಕೆರೆದು ಗಂಜಿ ತಿಳಿಯಲ್ಲಿ ಕದಡುವುದು, ಗುಡಿಸುವ ಹಿಡಿಸೂಡಿಯ ಕಡ್ಡಿಯ ತುದಿ ಜಜ್ಜಿ ಬರೆಯುವುದು. “ಹಾಗಾದರೆ ದೀಪದ ಬೆಳಕಿಗೆ ಯಾವ ಬಣ್ಣ ಹಾಕಿದ್ದು?” “ಎಂತದೂ ಹಾಕಲಿಲ್ಲ ಟೀಚರೇ. ಅಲ್ಲಿ ಕಾಗದ ಹಾಗೆಯೇ ಬಿಟ್ಟದ್ದು.” ಏನೂ ಮಾಡದೆ ಬಿಟ್ಟ ಜಾಗದಿಂದ ಬಂದ ಬೆಳಕು ಅದು. ನಾನು ಬದುಕಿನಲ್ಲಿ ಯಾವ ಕಾಗದದಲ್ಲಿಯೂ ಒಂದು ಅಂಗುಲ ಹಾಗೆಯೇ ಬಿಟ್ಟವಳಲ್ಲ.

“ಮಾರ್ಕು ಹಾಕಿದ್ದಕ್ಕೆ ನಿಮಗೆ ಬೇಸರ ಆಯ್ತಲ್ಲ ಗಿರಿಜಕ್ಕ” ಎಂದೆ. ಅವರಿಗೆ ಅರ್ಥವಾಗಲಿಲ್ಲ. ಎದ್ದು ಹೋಗಿ ಬೇಳೆ ಡಬ್ಬಿಯ ಹಿಂದಿನಿಂದ ಒಂದು ಪ್ಲಾಸ್ಟಿಕ್ ಲಕೋಟೆ ತಂದರು. ಒಳಗೆ ನನ್ನ ಕೆಂಪು ಅಕ್ಷರ ಸಮೇತ ಆ ಚಿತ್ರ. ನವಾಜನ ಹತ್ತಿರ ಪ್ರಿಂಟು ತೆಗೆಸಿ ಇಟ್ಟುಕೊಂಡಿದ್ದರು. “ಬೇಸರ ಎಂತಕ್ಕೆ? ನನಗೆ ಮಾರ್ಕು ಸಿಕ್ಕಿದ್ದು ಇದೇ ಮೊದಲು. ಮಗನಿಗೂ ಕಳಿಸಿದ್ದೇನೆ. ಪಾಸಂತೆ, ಅಲ್ಲವಾ?” ನಾನು ತಲೆಯಾಡಿಸಿದೆ. “ಒಂದೇ ಒಂದು ಕೇಳಲಿಕ್ಕೆ ಉಂಟು ಟೀಚರೇ. ಉಳಿದ ಮೂರೂವರೆ ಎಲ್ಲಿ ಹೋಯ್ತು?”

“ಅದು, ಬಣ್ಣಕ್ಕೆ ಹೋಯಿತು” ಎಂದೆ, ತೀರ ಸಣ್ಣ ಸ್ವರದಲ್ಲಿ. “ನಾನೂ ಹಾಗೆಯೇ ಅಂದಾಜು ಮಾಡಿದೆ” ಎಂದರು ಗಿರಿಜಕ್ಕ. “ಮಗ ಓದಿ ಹೇಳಿದ, ಹೋಗಿ ನೋಡಿ ಬರೆಯಬೇಕಂತೆ ಅಂತ. ಎರಡು ಆದಿತ್ಯವಾರ ಬಸ್ಸು ಹತ್ತಿ ಕಡಲ ಬದಿಗೆ ಹೋಗಿ ಬಂದೆ. ನೀಲಿ ಕಾಣಲಿಲ್ಲ. ನನ್ನ ಕಣ್ಣಿನದ್ದೇ ದೋಷ ಇರಬೇಕು. ಟೀಚರ್ ಹೇಳಿದ ಮೇಲೆ ಇರಲೇಬೇಕಲ್ಲ, ಅದಕ್ಕೇ ತೆಗೆದಿಟ್ಟಿದ್ದೇನೆ.” ಅವರು ಕಿಟಕಿಯ ಕಡೆ ಬೊಟ್ಟು ಮಾಡಿದರು. ಅಲ್ಲಿ ಬಿಳಿ ಬಟ್ಟೆಗೆ ಹಾಕುವ ನೀಲಿಯ ಬಾಟಲಿ. ಪಕ್ಕದಲ್ಲಿ, ಒಂದು ಕಲ್ಲಿನ ಭಾರ ಇಟ್ಟು, ಮೂಲ ಚಿತ್ರ. ನವಾಜನಿಗೆ ಈಗ ಬೇಡ ಎಂದು ಹೇಳಿದ್ದು ಇದಕ್ಕೆ. ನಾಳೆ ಬೆಳಿಗ್ಗೆ ಅನ್ನ ಇಟ್ಟ ಮೇಲೆ ಆ ಕಡಲಿಗೆ ನೀಲಿ ಬಳಿಯುವವರಿದ್ದರು, ನನ್ನ ಮಾತಿನ ಮೇಲಿನ ಗೌರವದಿಂದ.

ಹಚ್ಚಬೇಡಿ ಎಂದೆ. ಕಪ್ಪೇ ಸರಿ, ನಾನು ಬರೆದದ್ದು ತಪ್ಪು ಎಂದೆ. ಗಿರಿಜಕ್ಕ ಒಪ್ಪಲಿಲ್ಲ. ನನ್ನನ್ನು ಸಮಾಧಾನ ಮಾಡುವ ಹಾಗೆ, “ಟೀಚರ್ ಕೆಂಪಿನಲ್ಲಿ ಬರೆದದ್ದು ತಪ್ಪಾಗುವುದುಂಟಾ?” ಎಂದು ನಕ್ಕರು. ಪಾಪದ ಹೆಂಗಸಿನ ಮನಸ್ಸು ನೋಯದಿರಲಿ ಅಂತ ಟೀಚರ್ ಹೇಳುತ್ತಿದ್ದಾರೆ ಎಂದು ಅವರ ನಂಬಿಕೆ. ಮಾತಿನಿಂದ ಆಗುವ ಕೆಲಸ ಅದಲ್ಲ ಎಂದು ಗೊತ್ತಾಗಿ, ನಾಳೆ ಬಣ್ಣ ಮುಟ್ಟಬೇಡಿ, ಇಬ್ಬರೂ ಒಟ್ಟಿಗೆ ಹೋಗಿ ನೋಡುವ ಎಂದೆ. ಅದೃಷ್ಟಕ್ಕೆ ಮರುದಿನ ಮಳೆ ಜೋರೆಂದು ಕಲೆಕ್ಟರ್ ಶಾಲೆಗಳಿಗೆ ರಜೆ ಕೊಟ್ಟರು. ಮಕ್ಕಳು ಮನೆಯಲ್ಲೇ ಇರಲಿ, ನೀರಿನ ಹತ್ತಿರ ಹೋಗದಿರಲಿ ಎಂದು ಕೊಟ್ಟ ರಜೆಯಲ್ಲಿ ಒಬ್ಬ ಟೀಚರು, ಒಬ್ಬ ಅಡಿಗೆಯವರು ಎರಡು ಕೊಡೆ ಹಿಡಿದು ಕಾಸರಗೋಡಿನ ಬಸ್ಸು ಹತ್ತಿದೆವು.

ಕಡಲಿಗೆ ಇಳಿಯಲಿಲ್ಲ, ಅಷ್ಟು ಬುದ್ಧಿ ಇತ್ತು. ದೋಣಿಗಳನ್ನು ಎಳೆದು ಹಾಕಿದ ಜಾಗದಲ್ಲಿ ಒಬ್ಬರು ಟರ್ಪಾಲಿನ ಅಡಿಯಲ್ಲಿ ಕೂತು ಬಲೆ ಹೊಲಿಯುತ್ತಿದ್ದರು. ಈ ಮಳೆಯಲ್ಲಿ ಏನು ನೋಡಲು ಬಂದದ್ದು ಎಂದು ಮಲಯಾಳದಲ್ಲಿ ಗದರಿಸಿದರು. “ಬಣ್ಣ” ಎಂದರು ಗಿರಿಜಕ್ಕ. ಅವರು ಸೂಜಿ ನಿಲ್ಲಿಸಿ, ಕಡಲಿನ ಕಡೆ ಒಮ್ಮೆ ನೋಡಿ, “ಇವತ್ತು ಕಪ್ಪು. ಈ ತಿಂಗಳು ಹೀಗೆಯೇ” ಎಂದು ಪುನಃ ಬಲೆಗೆ ಬಗ್ಗಿದರು. ನಾನು ನೋಡಿದೆ. ನಡು ಮಳೆಗಾಲದ ಆಟಿ ತಿಂಗಳು, ಹಗಲು ಹನ್ನೊಂದು ಗಂಟೆ. ಮೋಡ ನೀರಿನವರೆಗೆ ಇಳಿದಿತ್ತು, ಕಡಲು ಕಪ್ಪಾಗಿತ್ತು. ಅಲೆ ಎದ್ದು ನಿಲ್ಲುವಾಗ ಅದರ ಹೊಟ್ಟೆ ಗಿರಿಜಕ್ಕನ ಪಾತ್ರೆಯ ಅಡಿಯಂತೆಯೇ ಇತ್ತು. ಒಡೆಯುವ ಅಂಚಿನಲ್ಲಿ ಮಾತ್ರ, ಬಿಟ್ಟ ಕಾಗದದಷ್ಟು ಬಿಳಿ. ನಾನು ಹುಟ್ಟಿ ಬೆಳೆದದ್ದು ಈ ನೀರಿನಿಂದ ಹದಿನೈದು ಮೈಲಿನೊಳಗೆ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ “ನೀಲಿ ಕಡಲು” ಎಂದು ಪ್ರಬಂಧ ಬರೆಸಿದ್ದೇನೆ, ಬೇರೆ ಬಣ್ಣ ಬರೆದವರಿಗೆ ಸುತ್ತು ಹಾಕಿದ್ದೇನೆ. ಒಂದು ದಿನವೂ ಮಳೆಗಾಲದಲ್ಲಿ ಬಂದು ನೋಡಿರಲಿಲ್ಲ. ನನಗೆ ಹೆದರಿಕೆಯಾಯಿತು, ಹೆದರಿಕೆಗಿಂತ ಹೆಚ್ಚಾ‌ಗಿ ಕೈ ಮುಗಿಯಬೇಕು ಅನಿಸಿತು. ಕಡಲಿಗೋ ಪಕ್ಕದಲ್ಲಿ ಕೊಡೆ ಹಿಡಿದು ನಿಂತವರಿಗೋ ಎಂದು ಸ್ಪಷ್ಟವಿರಲಿಲ್ಲ. ಗಿರಿಜಕ್ಕ ಮೆಲ್ಲಗೆ, “ನನ್ನ ಕಣ್ಣು ಸರಿ ಉಂಟು ಹಾಗಾದರೆ” ಎಂದರು.

ಹಿಂದೆ ಬರುವ ಬಸ್ಸಿನಲ್ಲಿ ನಾನು ಚೀಲದಿಂದ ಕೆಂಪು ಪೆನ್ನು ತೆಗೆದೆ. ಆ ಲಕೋಟೆ ಕೊಡಿ ಗಿರಿಜಕ್ಕ, ಹತ್ತು ಮಾಡಿಕೊಡುತ್ತೇನೆ ಎಂದೆ. ಅವರು ಲಕೋಟೆಯನ್ನು ಸೆರಗಿನೊಳಗೆ ಹಾಕಿಕೊಂಡರು. “ಬೇಡ ಟೀಚರೇ. ಹಾಕಿದ ಮಾರ್ಕು ಹಾಕಿದ್ದೇ. ತಿದ್ದಿದರೆ ಸುಳ್ಳಾಗುತ್ತದಂತೆ. ನೀವೇ ಆ ದಿನ ಹೆಡ್‌ಮಾಸ್ತರರಿಗೆ ಹೇಳಿದ್ದು ನಾನು ಅಡಿಗೆ ಕೋಣೆಯಲ್ಲಿ ಕೇಳಿದ್ದೇನೆ.” ಎಷ್ಟು ಹೇಳಿದರೂ ಜಗ್ಗಲಿಲ್ಲ. ಪುಸ್ತಕಕ್ಕೆ ಚಿತ್ರ ಕೊಡುತ್ತೇನೆ, ನೀಲಿ ಹಚ್ಚುವುದಿಲ್ಲ, ಆದರೆ ಮಾರ್ಕು ಸಮೇತ ಹಾಕಬೇಕು ಎಂದು ಒಂದೇ ಷರತ್ತು. ಸಾಲೂ ಇರಬೇಕಾ ಎಂದು ಕೇಳಿದೆ. “ಸಾಲು ಇಲ್ಲದೆ ಮಾರ್ಕು ಯಾಕೆ ಕಡಿಮೆಯಾಯಿತು ಅಂತ ಓದುವವರಿಗೆ ಗೊತ್ತಾಗಬೇಡವಾ?”

ಹಾಗೆ ಪುಸ್ತಕ ಬಂತು. ಪಪ್ಪಾಯಿಯ ಷರತ್ತು ಗ್ರೂಪಿನಲ್ಲಿ ಗೊತ್ತಾದದ್ದೇ ಉಳಿದವರೂ ಹಟ ಹಿಡಿದರು. ನಮ್ಮದೂ ಮಾರ್ಕು ಸಮೇತವೇ ಬರಲಿ ಎಂದರು. ಶಾರ್ಜಾದವರು ರಜೆಯಲ್ಲಿ ಬಂದು ತಮ್ಮ ಹತ್ತರಲ್ಲಿ ಎರಡನ್ನು ಹೆಂಡತಿಯ ಮನೆಯವರಿಗೆಲ್ಲ ತೋರಿಸಿದರಂತೆ. ಇಡೀ ಪುಸ್ತಕದಲ್ಲಿ ಅಷ್ಟು ಜನರ ಕಡಲು, ಮಳೆ, ದೀಪಗಳ ಮೇಲೆ ನನ್ನ ಕೆಂಪು ಗೀರು. ಮಧ್ಯದ ಎರಡು ಪುಟ ತುಂಬ ಗಿರಿಜಕ್ಕನ ಕಪ್ಪು ಕಡಲು, ಅದರ ಕೆಳಗೆ ದುಂಡಗೆ, ಕಡಲು ಕಪ್ಪಾಗಿರುವುದಿಲ್ಲ. ಚಳಿ ದೇಶದ ಗಂಡ ಹೆಂಡತಿಗೂ ಒಂದು ಪ್ರತಿ ಹೋಯಿತು. ಅವರು ಎಲ್ಲ ಚಿತ್ರಗಳನ್ನೂ ಹೊಗಳಿ, ಕೆಂಪಿನಲ್ಲಿ ಬರೆದ ಕಲಾವಿದರು ಯಾರು, ಅವರು ಏನು ಹೇಳುತ್ತಿದ್ದಾರೆ ಎಂದು ಕೇಳಿದ್ದಾರೆ. ನವಾಜ್ ಇನ್ನೂ ಉತ್ತರ ಬರೆದಿಲ್ಲ. ನೀವೇ ಬರೆದುಕೊಡಿ ಟೀಚರೇ ಎನ್ನುತ್ತಾನೆ.

ಈಗ ಮಧ್ಯಾಹ್ನ ಊಟಕ್ಕೆ ಹೋದರೆ ಉಪ್ಪಿನ ಬಗ್ಗೆ ಮಾತಾಡುವ ಧೈರ್ಯ ನನಗಿಲ್ಲ. ಗಿರಿಜಕ್ಕ ಮಾತ್ರ ಸಾರು ಬಡಿಸುತ್ತ ವಾರಕ್ಕೊಮ್ಮೆ ಕೇಳುತ್ತಾರೆ: “ಟೀಚರೇ, ಕಡಲಿನ ಬಣ್ಣ ಸರಿಯೇ ಇತ್ತಲ್ಲ. ಹಾಗಾದರೆ ಆ ಮೂರೂವರೆ ಎಲ್ಲಿ ಹೋಯ್ತು?” ತಟ್ಟೆಯ ಮೇಲೆ ಬಗ್ಗಿ, ನೋಡಿ ಹೇಳುತ್ತೇನೆ ಎನ್ನುತ್ತೇನೆ. ಆ ಮೂರೂವರೆ ಕಳೆದುಕೊಂಡದ್ದು ನಾನು ಎಂದು ಇನ್ನೂ ಹೇಳಿಲ್ಲ. ಹೇಳಿದರೆ, ಪುಸ್ತಕದ ಎರಡನೆಯ ಮುದ್ರಣಕ್ಕೆ ಅದನ್ನೂ ಕೆಂಪಿನಲ್ಲಿಯೇ ಬರೆದುಕೊಡಿ ಎಂದಾರು.